ಜಂಜಿರಾದ ಸಿದ್ದಿ, ನಮ್ಮೂರಿನ ಸಿದ್ದಿ

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿ ಕಡೆ ಇರುವ ನಮ್ಮವರಲ್ಲಿ ಮುರುಡ-ಜಂಜಿರಾ ಕೋಟೆ ನೋಡದವರು ಕಡಿಮೆ. ಆಫೀಸಿನ ಪಿಕ್‌ನಿಕ್ಕು, ಸೊಸೈಟಿಯ ಟ್ರಿಪ್ಪು, ಊರಿನಿಂದ ಬಂದ ನೆಂಟರಿಗೆ ಸಮುದ್ರ ತೋರಿಸುವ ನೆಪ, ಹೀಗೆ ಏನೋ ಒಂದು ಕಾರಣಕ್ಕೆ ಪನವೇಲ್ ದಾಟಿ, ಅಲಿಬಾಗ್ ದಾಟಿ ಅಲ್ಲಿಗೆ ಹೋಗಿ ಬಂದಿರುತ್ತೀರಿ. ರಾಜಪುರಿಯಲ್ಲಿ ಹಾಯಿದೋಣಿ ಹತ್ತಿದರೆ ನೀರಿನ ನಡುವೆ ಎದ್ದು ನಿಂತ ಆ ಕಪ್ಪು ಗೋಡೆ ಹತ್ತಿರ ಬರುವವರೆಗೂ ಬಾಗಿಲು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಒಳಗೆ ‘ಕಲಾಲ್ ಬಾಂಗಡಿ’ ಎಂಬ ದೈತ್ಯ ತೋಪು. ಶಿವಾಜಿ ಮಹಾರಾಜರಿಗೂ ಸಿಗಲಿಲ್ಲ, ಸಂಭಾಜಿಗೂ ಸಿಗಲಿಲ್ಲ ಈ ಕೋಟೆ, ಎಂದು ಗೈಡ್ ಹೇಳುತ್ತಾನೆ. ಕೋಟೆ ಯಾರದ್ದು ಎಂದರೆ ಥಟ್ಟನೆ ಉತ್ತರ ಬರುತ್ತದೆ: “ಸಿದ್ದೀಂಚಾ.” ಸಿದ್ದಿಗಳದ್ದು.

ಆಫ್ರಿಕಾದಿಂದ ಬಂದ ಜನ ಅವರು. ಜಂಜಿರಾದಲ್ಲಿ ಅವರ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೂ ಇತ್ತು. ಇನ್ನೂ ಹಿಂದೆ ಹೋದರೆ ಮಲಿಕ್ ಅಂಬರ್ ಸಿಗುತ್ತಾನೆ. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ನಿಜಾಮಶಾಹಿಯ ಸೂತ್ರವನ್ನೇ ಹಿಡಿದು ಮೊಗಲರನ್ನು ವರ್ಷಗಟ್ಟಲೆ ಕಾಡಿದವನು. ಈಗಿನ ಸಂಭಾಜಿನಗರ, ಅಂದರೆ ಹಿಂದಿನ ಔರಂಗಾಬಾದು, ಅವನು 1610ರಲ್ಲಿ ಕಟ್ಟಿದ ಖಡ್ಕಿ. ನಮ್ಮ ಬಿಜಾಪುರದ ಆದಿಲಶಾಹಿಯಲ್ಲೂ ಇಖ್ಲಾಸ್ ಖಾನನಂಥ ಹಬ್ಶಿ ಸರದಾರರು ದೊಡ್ಡ ಅಧಿಕಾರದಲ್ಲಿದ್ದರು. ಮಲಿಕ್ ಅಂಬರನ ಜೀವನದಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಅವನನ್ನು ಕೊಂಡುಕೊಂಡ ಬಾಗ್ದಾದಿನ ಒಬ್ಬ ವ್ಯಾಪಾರಿ ಹುಡುಗನ ಚುರುಕುತನ ನೋಡಿ ಓದು-ಬರಹ, ಲೆಕ್ಕಪತ್ರ, ಆಡಳಿತದ ಕೆಲಸ ಕಲಿಸಿದ ಎಂದು ಇತಿಹಾಸಕಾರರು ಬರೆಯುತ್ತಾರೆ. ಮುಂದಿನದ್ದೆಲ್ಲ ಅದರ ಮೇಲೆ ಬೆಳೆದದ್ದು.

ಇಷ್ಟನ್ನು ಹೇಳಿ, “ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಸಿದ್ದಿಗಳಿದ್ದಾರೆ, ಕನ್ನಡ ಮಾತಾಡುತ್ತಾರೆ” ಎಂದರೆ ನಮ್ಮ ಸೊಸೈಟಿಯ ಮರಾಠಿ ಗೆಳೆಯರು ನಂಬುವುದಿಲ್ಲ. ಅವರಿರಲಿ, ಮಂಗಳೂರು, ಉಡುಪಿ ಕಡೆಯ ನಮ್ಮ ಕನ್ನಡಿಗರೇ ಎಷ್ಟೋ ಜನ “ಹೌದಾ?” ಎಂದು ಹುಬ್ಬೇರಿಸುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿ, ಜೋಯಿಡಾ ಸೀಮೆಯ ಕಾಡಂಚಿನಲ್ಲಿ ಅವರ ಕೇರಿಗಳಿವೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಜಂಜಿರಾದ ಸಿದ್ದಿಗಳಿಗೆ ಕೋಟೆ ಸಿಕ್ಕಿತು, ನಮ್ಮೂರ ಸಿದ್ದಿಗಳಿಗೆ ಸಿಕ್ಕಿದ್ದು ಬೇರೆಯವರ ತೋಟದ ಕೆಲಸ.

ನಾನು ಬೆಳೆದದ್ದು ಯಲ್ಲಾಪುರ ತಾಲೂಕಿನ ಮಂಚಿಕೇರಿ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ. 1981ರಲ್ಲಿ ಮುಂಬಯಿಗೆ ಬಂದವನು. ಆಮೇಲೆ ಎಲ್ಲರ ಹಾಗೆ ಬಾಡಿಗೆ ಕಡಿಮೆ ಎಂದು ಡೊಂಬಿವಲಿ ಪೂರ್ವಕ್ಕೆ ಬಂದು ಇಲ್ಲೇ ಬೇರು ಬಿಟ್ಟೆ. ಊರಿನ ಸಿದ್ದಿಗಳ ಬಗ್ಗೆ ಈ ನಡುವೆ ಇಷ್ಟೆಲ್ಲ ಯೋಚನೆ ಹತ್ತಿಸಿದ್ದು ಒಬ್ಬ ಹುಡುಗ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಡೊಂಬಿವಲಿ ಸ್ಟೇಷನ್ನಿನಲ್ಲಿ ಠಾಣೆ ಕಡೆಯ ಲೋಕಲ್ಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ಎತ್ತರದ ಹುಡುಗ ಮೊಬೈಲಿನಲ್ಲಿ ಮಾತಾಡುತ್ತಿದ್ದ. “ಯಲ್ಲಾಪುರಕ್ಕೆ ಸೀದಾ ಬಸ್ಸಿಲ್ಲ ಮಾರಾಯಾ, ಹುಬ್ಬಳ್ಳಿಯಲ್ಲಿ ಇಳೀಬೇಕು...” ಕಿವಿ ನೆಟ್ಟಗಾಯಿತು! ಮಾತು ಮುಗಿಸುವುದನ್ನೇ ಕಾದು “ಯಾವೂರು ತಮಾ?” ಅಂದೆ. ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಈ ಊರಿನಲ್ಲಿ ಅವನನ್ನು ಕನ್ನಡದಲ್ಲಿ ಮಾತಾಡಿಸಿದವರಲ್ಲಿ ನಾನೇ ಮೊದಲಿಗನಂತೆ. ಟಿಕೆಟ್ ಕಿಟಕಿಯಲ್ಲಿ, ಮೊಬೈಲ್ ಅಂಗಡಿಯಲ್ಲಿ, ವಡಾಪಾವ್ ಗಾಡಿಯಲ್ಲಿ ಸಹ ಎಲ್ಲರೂ ಅವನ ಜೊತೆ ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ. ಅವನೋ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಮನೆಮಾತು ಸಿದ್ದಿಗಳ ಕೊಂಕಣಿ, ಹಾಗಾಗಿ ಮರಾಠಿ ಬೇಗ ನಾಲಿಗೆಗೆ ಬಂದಿದೆ. ಆಗ ಅವರು ಇನ್ನಷ್ಟು ಗಾಬರಿ!

ಐಟಿಐ ಎಲೆಕ್ಟ್ರಿಷಿಯನ್ ಕೋರ್ಸು ಮುಗಿಸಿ ಬಂದಿದ್ದಾನೆ. ವಯಸ್ಸು ಇಪ್ಪತ್ನಾಲ್ಕು. ಐರೋಲಿ ಕಡೆ ದೊಡ್ಡ ಕಟ್ಟಡಗಳಿಗೆ ವೈರಿಂಗ್ ಮಾಡುವ ಒಬ್ಬ ಕಂತ್ರಾಟುದಾರನ ಹತ್ತಿರ ಕೆಲಸ. ಅವನಿಗಿದ್ದ ಕಷ್ಟ ಕೆಲಸದ್ದಲ್ಲ, ಕೋಣೆಯದು. ಬ್ರೋಕರ್ ಫೋನಿನಲ್ಲಿ ಮಾತಾಡುವಾಗ ಕೋಣೆ ಖಾಲಿ ಇರುತ್ತದೆ, ಹುಡುಗ ಬಾಗಿಲಲ್ಲಿ ನಿಂತ ಮೇಲೆ ಯಾರೋ ಈಗಷ್ಟೇ ತಗೊಂಡಿರುತ್ತಾರೆ. “ನಂಗೆ ಪಾಸ್‌ಪೋರ್ಟ್ ಕೇಳಿದ್ರು ಹೆಗಡೇರೇ,” ಅಂದ. “ಆಧಾರ್ ತೋರ್ಸಿದ್ರೆ ಇದು ಡೂಪ್ಲಿಕೇಟಾ ಅಂತ ಕೇಳ್ತ್ರು. ನಮ್ಮಜ್ಜನ ಅಜ್ಜನೂ ಇಲ್ಲೇ ಹುಟ್ಟಿದ್ದು. ನಾ ಎಲ್ಲಿಂದ ತರ್ಲಿ ಪಾಸ್‌ಪೋರ್ಟು?” ನಗುತ್ತಲೇ ಹೇಳಿದ. ಆ ನಗು ಕೇಳಲು ಹಿತವಾಗಿರಲಿಲ್ಲ.

ಆ ದಿನ ರೈಲಿನಲ್ಲಿ ನಿಂತುಕೊಂಡು ಬಹಳ ಮಾತಾಡಿದೆವು. ನನ್ನ ತಲೆಯಲ್ಲಿ ಕುಳಿತ ಪ್ರಶ್ನೆ ಒಂದೇ. ಇಂಥ ಹುಡುಗನಿಗೆ ವಿದ್ಯೆ ಕೊಡುತ್ತೇವೆ ಎಂದು ಎಷ್ಟೋ ಕಾಲದಿಂದ ಎಷ್ಟೋ ಜನ ಹೊರಟರಲ್ಲ, ಅದರಲ್ಲಿ ಯಾವುದು ದಡ ಮುಟ್ಟಿತು, ಯಾವುದು ನಡುನೀರಿನಲ್ಲಿ ಬಿಟ್ಟಿತು?

ಮೊದಲು ಮಾಮೂಲಿ ಶಾಲೆಯ ಕಥೆ. ನಾನು ಕಲಿತ ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಗೆ ಸೇರುವಾಗ ಐದಾರು ಸಿದ್ದಿ ಮಕ್ಕಳಿರುತ್ತಿದ್ದರು, ನಾಲ್ಕನೆಯದಕ್ಕೆ ಬರುವಾಗ ಒಬ್ಬನೋ ಇಬ್ಬರೋ. ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಮಾತು. ಕೂದಲು ಹಿಡಿದೆಳೆದು ಅಣಕಿಸುವ ಉಳಿದ ಮಕ್ಕಳು ಬೇರೆ. ಕೊನೆಕೊಯ್ಲು ಶುರುವಾದರೆ, ಸೊಪ್ಪು ಹೊರುವ ಕಾಲ ಬಂದರೆ, ಅಪ್ಪ-ಅಮ್ಮನ ಜೊತೆ ಮಕ್ಕಳೂ ತೋಟಕ್ಕೆ. ತೋಟದವರಿಗೂ ಕೈ ಬೇಕಿತ್ತು, ಆ ಮನೆಗಳಿಗೂ ಕೂಲಿ ಬೇಕಿತ್ತು. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬೀಳುತ್ತಾ ಬೀಳುತ್ತಾ ಒಂದು ದಿನ ಹೆಸರೇ ಬಿಟ್ಟುಹೋಗುತ್ತಿತ್ತು. ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗನಿಗೆ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ. ಆದರೆ ಕೋಲುಜೇನು ಯಾವ ಪೊದೆಯಲ್ಲಿ ಕಟ್ಟುತ್ತದೆ, ತುಡುವೆ ಯಾವ ಪೊಟರೆಯಲ್ಲಿದೆ, ಹೆಜ್ಜೇನಿನ ತಟ್ಟಿಯನ್ನು ಯಾವ ಹುಣ್ಣಿಮೆ-ಅಮಾವಾಸ್ಯೆ ನೋಡಿ ಇಳಿಸಬೇಕು, ಎಲ್ಲ ಗೊತ್ತಿತ್ತು. ಅಂಥ ತಿಳಿವಳಿಕೆಗೆ ಪರೀಕ್ಷೆಯಲ್ಲಿ ಒಂದು ಅಂಕವೂ ಇರಲಿಲ್ಲ. ಅವನು ಮೂರನೆಯದಕ್ಕೇ ಬಿಟ್ಟ.

ಎರಡನೆಯದು ಆಟದ ಕಥೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರ, ಅಂದರೆ ‘ಸಾಯ್’, ಒಂದು ಹೊಸ ಯೋಜನೆ ತಂದಿತು. ‘ಸ್ಪೆಷಲ್ ಏರಿಯಾ ಗೇಮ್ಸ್’ ಅಂತ ಹೆಸರು. ಆಗ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ನಮ್ಮ ಕರಾವಳಿಯವರೇ ಆದ ಮಾರ್ಗರೆಟ್ ಆಳ್ವ. ದೇಶದ ಮೂಲೆಮೂಲೆಯ ಬುಡಕಟ್ಟುಗಳಿಂದ ಮಕ್ಕಳನ್ನು ಆರಿಸಿ ತಂದು ಊಟ, ವಸತಿ, ಓದು, ತರಬೇತಿ ಕೊಡುವುದು. ರಾಜಸ್ಥಾನದ ಬಿಲ್ಲುಗಾರ ಲಿಂಬಾ ರಾಮ್ ಇದೇ ಹುಡುಕಾಟದಲ್ಲಿ ಸಿಕ್ಕವರು. 1988, 1992, 1996 ಹೀಗೆ ಮೂರು ಒಲಿಂಪಿಕ್ಸ್‌ನಲ್ಲಿ ಬಾಣ ಬಿಟ್ಟರು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಓಟಕ್ಕೆ, ಜಿಗಿತಕ್ಕೆ ಆರಿಸಿದರು. ಆಫ್ರಿಕಾದ ರಕ್ತ, ಓಡದೇ ಇರುತ್ತಾರಾ ಎಂಬ ಲೆಕ್ಕಾಚಾರ.

ಈ ಲೆಕ್ಕಾಚಾರದಲ್ಲೇ ಸ್ವಲ್ಪ ಐಬಿತ್ತು. ಆಫ್ರಿಕಾ ಅಂದರೆ ಒಂದು ಊರಲ್ಲ. ದೂರದ ಓಟದಲ್ಲಿ ಹೆಸರು ಮಾಡಿದ ಕೆನ್ಯಾದವರಲ್ಲಿ ಹೆಚ್ಚಿನವರು ಅಲ್ಲಿನ ಎತ್ತರದ ಪ್ರದೇಶದ ಕಲೆಂಜಿನ್ ಜನ. ನಮ್ಮ ಸಿದ್ದಿಗಳ ಹಿರಿಯರು ಬಹುಪಾಲು ಪೂರ್ವ ಮತ್ತು ಆಗ್ನೇಯ ಆಫ್ರಿಕಾದ ಬಾಂಟು ಜನಾಂಗಗಳಿಗೆ ಸೇರಿದವರು, ಮತ್ತು ನೂರಾರು ವರ್ಷಗಳಲ್ಲಿ ಇಲ್ಲಿನವರ ರಕ್ತವೂ ಬೆರೆತಿದೆ ಎಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳಿತು. ಆದರೂ ಮಕ್ಕಳು ಓಡಿದರು! ಕಾಡು ಸುತ್ತಿ, ಗುಡ್ಡ ಹತ್ತಿ ಗಟ್ಟಿಯಾದ ಕಾಲು. ಕಮಲಾ ಸಿದ್ದಿ, ಜುಜೆ ಜಾಕಿ ಹರ್ನೋಡ್ಕರ್ ಅವರ ಹೆಸರುಗಳು ಆ ಕಾಲದ ಅಥ್ಲೆಟಿಕ್ಸ್ ಸುದ್ದಿಗಳಲ್ಲಿ ಬಂದವು. ಊರಿನಲ್ಲಿ “ನಮ್ಮ ಸಿದ್ದಿಗಳು ಬೆಂಗಳೂರಿಗೆ ಹೋಗಿ ಓಡ್ತಾರಂತೆ” ಎಂದು ಮಾತಾಡಿಕೊಳ್ಳುತ್ತಿದ್ದುದು ರಜೆಗೆ ಹೋದಾಗ ನನ್ನ ಕಿವಿಗೂ ಬಿದ್ದಿತ್ತು.

1993ರಲ್ಲಿ ಸಿದ್ದಿಗಳ ಆ ಯೋಜನೆ ನಿಂತಿತು. ಆರು ವರ್ಷ. ಹನ್ನೆರಡು ವರ್ಷಕ್ಕೆ ಬಂದ ಮಗುವಿಗೆ ಹದಿನೆಂಟು. ಓಟಗಾರನಿಗೆ ನಿಜವಾಗಿ ಕಾಲು ಬಲಿಯುವ ವಯಸ್ಸು ಅದು. ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕ ಕೆಲವರು ನೆಲೆ ನಿಂತರು. ಉಳಿದ ಎಷ್ಟೋ ಮಂದಿ ಮನೆಗೆ ಮರಳಿ ಮತ್ತೆ ಕೂಲಿಗೆ ಹೋದರು. “ಓಡೋದು ಅಂದ್ರೆ ನಮ್ಮ ಕೇರಿಯಲ್ಲಿ ಈಗ್ಲೂ ಒಂಥರಾ ಹೆದ್ರಿಕೆ,” ಅಂದ ಹುಡುಗ. “ಓಡಿಸಿ, ಅರ್ಧಕ್ಕೆ ಬಿಡ್ತಾರೆ ಅಂತ.” 2015ರ ನಂತರ ‘ಬ್ರಿಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಮುಂಡಗೋಡ ಕಡೆ ಮತ್ತೆ ಈ ಮಕ್ಕಳ ಜೊತೆ ಕೆಲಸ ಶುರು ಮಾಡಿದೆ. ಒಳ್ಳೆಯದೇ. ಆದರೆ ಮಧ್ಯೆ ಕಳೆದುಹೋದ ಇಪ್ಪತ್ತು ವರ್ಷ ಅಂದರೆ ಪೂರಾ ಒಂದು ತಲೆಮಾರು.

ಮೂರನೆಯದು ನಾಟಕದ ಕಥೆ. ಇದು ನನಗೆ ಬಹಳ ಇಷ್ಟ. ಸಾಗರ ತಾಲೂಕಿನ ಹೆಗ್ಗೋಡಿನ ‘ನೀನಾಸಂ’ ನಿಮಗೆಲ್ಲ ಗೊತ್ತು. 1949ರಲ್ಲಿ ಶುರುವಾದ ಊರಿನ ನಾಟಕ ಸಂಘ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ನೀನಾಸಂನವರು ಎಂಬತ್ತರ ದಶಕದಲ್ಲಿ ಮಂಚಿಕೇರಿಗೆ ಬಂದು ಅಲ್ಲಿನ ಸಿದ್ದಿಗಳನ್ನೇ ನಟರನ್ನಾಗಿ ಮಾಡಿ ನಾಟಕ ಕಟ್ಟಿದರು. ಚಿದಂಬರರಾವ್ ಜಂಬೆಯವರ ನಿರ್ದೇಶನ. ಯಾವ ನಾಟಕ ಅಂತೀರಿ? ನೈಜೀರಿಯಾದ ಚಿನುವ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ್ದು! ಬಿಳಿಯರು ಬಂದು ಇಗ್ಬೋ ಜನರ ಹಳ್ಳಿಯ ಬದುಕು ಹೇಗೆ ಒಡೆದುಹೋಯಿತು ಎಂಬ ಕಥೆ. ಆಫ್ರಿಕಾ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಲು ಬಾರದ ಜನ ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದರು. ಅಕ್ಷರ ಓದಲು ಬಾರದವರಿಗೂ ಮಾತು ಬಾಯಿಪಾಠವಾಯಿತು. ಕುಣಿತ, ಹಾಡು, ಡಮಾಮಿ ವಾದ್ಯದ ಗತ್ತು ಅವರಲ್ಲೇ ಇತ್ತು. ಅದನ್ನು ಯಾರೂ ಹೊರಗಿನಿಂದ ತರಬೇಕಾಗಲಿಲ್ಲ.

ಒಂದು ನಾಟಕ ಆಡಿಸಿ ಫೋಟೋ ತೆಗೆಸಿಕೊಂಡು ಹೋಗಿದ್ದರೆ ಅದೂ ಆಟದ ಯೋಜನೆಯ ಹಾಗೆಯೇ ಆಗುತ್ತಿತ್ತು. ಹೆಗ್ಗೋಡಿನ ಬಾಗಿಲು ತೆರೆದೇ ಇತ್ತು. ಒಬ್ಬರ ಹಿಂದೆ ಒಬ್ಬರು ಸಿದ್ದಿ ಹುಡುಗ-ಹುಡುಗಿಯರು ಅಲ್ಲಿಗೆ ಹೋಗಿ ಕಲಿತು ಬಂದರು. ರಂಗಭೂಮಿಯಲ್ಲೂ ಹಾಡುಗಾರಿಕೆಯಲ್ಲೂ ಹೆಸರಾದ ಗಿರಿಜಾ ಸಿದ್ದಿ ಈ ದಾರಿಯವರು. ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ ಸಿನಿಮಾದಲ್ಲಿ ಕಾಣಿಸಿಕೊಂಡರು. 2021ರ ‘ಸಲಗ’ ಚಿತ್ರದಲ್ಲಿ ಸಿದ್ದಿ ಕಲಾವಿದರು ಹಾಡಿದ ಹಾಡಿಗೆ ನಮ್ಮ ಡೊಂಬಿವಲಿಯ ಮಕ್ಕಳೂ ಮದುವೆಮನೆಯಲ್ಲಿ ಕುಣಿದರು. ಯಾರ ಹಾಡು ಎಂದು ಮಕ್ಕಳಿಗೆ ಗೊತ್ತಿರಲಿಲ್ಲ, ಅಷ್ಟೆ. ಮೂವತ್ತು-ನಲವತ್ತು ವರ್ಷ ತೆರೆದಿಟ್ಟ ಬಾಗಿಲಿನ ಫಲ ಇದು. ಈ ಕಲಿಕೆಯಲ್ಲಿ ಮೊದಲು ಮಾತು, ಮೈ, ಹಾಡು. ಅಕ್ಷರ ಆಮೇಲೆ ತಾನಾಗಿ ಜೊತೆಗೂಡಿತು.

ಕೌದಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಹಳೇ ಸೀರೆ, ಪಂಚೆ, ಲಂಗದ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ ಉತ್ತರ ಕರ್ನಾಟಕದ ಎಲ್ಲ ಮನೆಗಳಲ್ಲೂ ಇತ್ತು. ಸಿದ್ದಿ ಹೆಂಗಸರ ಕೌದಿ ಮಾತ್ರ ನೋಡಿದ ಕೂಡಲೇ ಗುರುತು ಸಿಗುತ್ತದೆ. ಬಣ್ಣಗಳ ಧೈರ್ಯವೇ ಬೇರೆ. ಅಂಚಿನಿಂದ ಶುರು ಮಾಡಿ ನಡುವಿಗೆ ಹೊಲಿಯುತ್ತಾ ಹೋಗುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ಇಟ್ಟ ತ್ರಿಕೋನದ ‘ಹೂವು’. ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ನೋಡಿ ಬೆರಗಾಗಿ ಅಧ್ಯಯನ ಮಾಡಿದರು. 2004ರ ಸುಮಾರಿಗೆ ಹೆಂಗಸರ ಒಂದು ಸಹಕಾರಿ ಗುಂಪು ಕಟ್ಟಲೂ ನೆರವಾದರು. ಅಲ್ಲಿಯವರೆಗೆ ಮಗು ಹೊದೆಯುತ್ತಿದ್ದ ಕೌದಿ ವಿದೇಶದ ಪ್ರದರ್ಶನಗಳ ಗೋಡೆ ಏರಿತು. ಇಲ್ಲಿ ಹೆಂಗಸರಿಗೆ ಹೊಲಿಗೆಯನ್ನು ಯಾರೂ ಕಲಿಸಬೇಕಿರಲಿಲ್ಲ. ಕಲಿಯಬೇಕಿದ್ದದ್ದು ಅಳತೆ, ಬೆಲೆ, ಲೆಕ್ಕ, ಕೊಳ್ಳುವವರ ಜೊತೆ ಮಾತು. ‘ಪ್ರಾಯೋಗಿಕ ಶಿಕ್ಷಣ’ ಎಂದು ಭಾಷಣಗಳಲ್ಲಿ ಕೇಳುತ್ತೇವಲ್ಲ, ನನ್ನ ಪ್ರಕಾರ ಇದೇ ಅದು. ಕೈಗೆ ಗೊತ್ತಿರುವುದನ್ನು ಬಿಡಿಸದೆ, ಅದರ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಡುವುದು.

ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಶುರು ಮಾಡಿದ ‘ಬೇರ್‌ಫುಟ್ ಕಾಲೇಜ್’ ಬಗ್ಗೆ ಓದಿರಬಹುದು. ಅಲ್ಲಿಗೆ ನಮ್ಮ ಸರ್ಕಾರದ ನೆರವಿನಿಂದ ಆಫ್ರಿಕಾದ ದೇಶಗಳ ಹಳ್ಳಿ ಹೆಂಗಸರು, ಎಷ್ಟೋ ಮಂದಿ ಅಜ್ಜಿಯರು, ಬಂದು ಆರು ತಿಂಗಳು ಇದ್ದು ಸೌರದೀಪ ಜೋಡಿಸುವುದನ್ನು, ರಿಪೇರಿ ಮಾಡುವುದನ್ನು ಕಲಿತು ಹೋದರು. ಓದು ಬರುವುದಿಲ್ಲ, ಹಿಂದಿ ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ. ಕಲಿಸಿದ್ದು ಬಣ್ಣ ನೋಡಿ, ಕೈಸನ್ನೆ ನೋಡಿ. ಊರಿಗೆ ಮರಳಿ ತಮ್ಮ ಹಳ್ಳಿಯ ದೀಪ ಅವರೇ ಹೊತ್ತಿಸಿದರು. ಇನ್ನು ಗುಜರಾತಿನ ಜಾಂಬೂರಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿ ತಮ್ಮೂರಿನಲ್ಲಿ ಬಾಲವಾಡಿ, ಹೆಂಗಸರ ದುಡಿಮೆ ಎಂದು ದಶಕಗಟ್ಟಲೆ ದುಡಿದವರು. 2023ರಲ್ಲಿ ಪದ್ಮಶ್ರೀ ಬಂತು. ಎಲ್ಲ ಕಡೆಯೂ ನನಗೆ ಕಂಡದ್ದು ಒಂದೇ ಮಾತು: ಕಲಿಸುವವರು ಬಿಟ್ಟು ಹೋಗಲಿಲ್ಲ, ಇಲ್ಲವೇ ಕಲಿತವರು ತಾವೇ ನಿಂತು ನಡೆಸುವ ಹಾಗೆ ಮಾಡಿ ಹೋದರು.

ಇದೇನು ದೊಡ್ಡ ಹೊಸ ತತ್ವ ಅಲ್ಲ ಬಿಡಿ. ನಾವು ಮುಂಬಯಿ ಕನ್ನಡಿಗರಿಗಂತೂ ಇದು ಮನೆಯ ಅನುಭವ. ನಾನು ಬಂದ ಹೊಸದರಲ್ಲಿ ಮಾಟುಂಗಾದಲ್ಲಿ ಹೋಟೆಲ್ ಹುಡುಗರ ಜೊತೆ ಒಂದು ಕೋಣೆಯಲ್ಲಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಟೇಬಲ್ ಒರೆಸಲು ಹೋಗುವ ಹುಡುಗ ಸಂಜೆ ಕೈಕಾಲು ತೊಳೆದು, ಅಂಗಿ ಬದಲಿಸಿ ರಾತ್ರಿ ಶಾಲೆಗೆ ಹೊರಡುತ್ತಿದ್ದ. ಮೊಗವೀರ ಮಂಡಳಿ, ಬಿಲ್ಲವರ ಅಸೋಸಿಯೇಶನ್, ಇನ್ನೂ ಹಲವು ಸಂಘಗಳು ಇಂಥ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಒಂದು ಯೋಜನೆಯ ಅವಧಿಗಲ್ಲ, ತಲೆಮಾರುಗಟ್ಟಲೆ. ಹುಡುಗ ಊರಿಗೆ ಹೋಗಿ ಒಂದು ವರ್ಷ ತಪ್ಪಿಸಿಕೊಂಡು ಬಂದರೂ ಬೆಂಚು ಅಲ್ಲೇ ಇರುತ್ತಿತ್ತು. ಅವನ ಹೊತ್ತಿಗೆ ಶಾಲೆ ತನ್ನ ಹೊತ್ತನ್ನು ಹೊಂದಿಸಿಕೊಂಡಿತ್ತು, ಅವನ ಭಾಷೆಯಲ್ಲೇ ಪಾಠವಿತ್ತು. ನನ್ನ ಆ ಕೋಣೆಯ ಗೆಳೆಯ ಎಸ್ಸೆಸ್ಸಿ ಪಾಸಾಗಿ, ರಾತ್ರಿ ಕಾಲೇಜು ಮುಗಿಸಿ, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದ. ಇವತ್ತು ಆ ಶಾಲೆಗಳಲ್ಲಿ ಹಲವು ಮುಚ್ಚಿವೆ. ಹೋಟೆಲಿಗೆ ಬರುವ ಹುಡುಗರು ಈಗ ಬೇರೆ ರಾಜ್ಯದವರು, ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಅದು ಸಿಗಲು 2020 ಆಯಿತು. ಅದೇ 2020ರಲ್ಲಿ ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಅಲ್ಲಿ ಕುಳಿತ ಮೊದಲಿಗರು. ನನ್ನ ರೈಲಿನ ಹುಡುಗ 2003ರ ಆ ಒಂದು ಕಾಗದದ ಮಗ ಎನ್ನಬಹುದು. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಐಟಿಐ ಸೀಟು, ಎಲ್ಲ ಅದರಿಂದ ಬಂದವು. “ನಾಕನೇತ್ತೆ ದಾಟಿದ್ದು ನಮ್ಮನೇಲಿ ನಾನೇ ಮೊದ್ಲು,” ಅಂದಿದ್ದ.

ಆದರೆ ಸರ್ಟಿಫಿಕೇಟು ಅವನನ್ನು ತಂದು ಬಿಟ್ಟದ್ದು ಒಂದು ಮುಚ್ಚಿದ ಬಾಗಿಲಿನ ಎದುರಿಗೆ. ಊರಿನ ಐಟಿಐಗೆ ಅಷ್ಟು ದೂರ ಕೈ ಚಾಚಲು ಆಗುವುದಿಲ್ಲ. ಆ ಕೊನೆಯ ಎರಡು ಮೈಲಿ ಯಾರ ಪಾಲಿನದು? ನಾನು, ನೀವು, ನಲವತ್ತು ವರ್ಷದಿಂದ ಇಲ್ಲಿ ಲೈಟ್ ಬಿಲ್ಲು ಕಟ್ಟುತ್ತಿರುವವರು. ನಮಗೆ ಬಂದಾಗ ಯಾರೋ ಮಾವ, ಯಾರೋ ಊರಿನವರು, ಯಾವುದೋ ಸಂಘದ ಕಾರ್ಯದರ್ಶಿ ಇದ್ದರು. “ನಮ್ಮ ಹುಡುಗ” ಎಂದು ಒಂದು ಮಾತು ಹೇಳಿದರು, ಕೋಣೆ ಸಿಕ್ಕಿತು, ಕೆಲಸ ಸಿಕ್ಕಿತು. ಸಿದ್ದಿ ಹುಡುಗನಿಗೆ ಈ ಊರಿನಲ್ಲಿ ಮಾವನಿಲ್ಲ. ಅವನ ಪಾಲಿಗೆ ಮುಂಬಯಿ ಈಗಷ್ಟೇ ಶುರುವಾಗಿದೆ.

ನಮ್ಮ ಕಟ್ಟಡದ ಒಬ್ಬ ಮರಾಠಿ ಗೆಳೆಯರಿಗೆ ಸ್ಟೇಷನ್ನಿನ ಹತ್ತಿರ ಒಂದು ಹಳೇ ಚಾಳಿನಲ್ಲಿ ಕೋಣೆಯಿದೆ. ಅವರಿಗೆ ಹುಡುಗನನ್ನು ಭೇಟಿ ಮಾಡಿಸಿದೆ. ಅವರೂ ಮೊದಲು ತಡವರಿಸಿದರು. “ಜಂಜಿರಾ ನೋಡಿದ್ದೀರಲ್ಲ, ಅವರ ಬಂಧು-ಬಳಗ ಅಂದುಕೊಳ್ಳಿ,” ಎಂದೆ. ಬಂಧು-ಬಳಗ ಏನೂ ಅಲ್ಲ, ಮಾತಿಗೆ ಹೇಳಿದ್ದು! ಅವರು ನಕ್ಕರು. ಹುಡುಗ ಅವರ ಮನೆಯ ಇನ್ವರ್ಟರ್ ವೈರಿಂಗ್ ನೋಡಿ “ಕಾಕಾ, ಹೇ ಧೋಕಾದಾಯಕ್ ಆಹೇ,” ಅಂತ ಮರಾಠಿಯಲ್ಲಿ ಹೇಳಿ ಅಲ್ಲೇ ಸರಿ ಮಾಡಿಕೊಟ್ಟ. ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಫಾರಂ ತುಂಬಿ ನಾನೂ ಜೊತೆಗೆ ಹೋಗಿ ಬಂದೆ. ಒಟ್ಟು ನನಗೆ ತಗುಲಿದ್ದು ಎರಡು ಸಂಜೆ. ಈಗ ಅದೇ ಕೋಣೆಯಲ್ಲಿ ಅವನ ಕೇರಿಯ ಇನ್ನೂ ಇಬ್ಬರು ಹುಡುಗರು ಬಂದಿದ್ದಾರೆ. ಒಬ್ಬ ಪ್ಲಂಬಿಂಗ್, ಇನ್ನೊಬ್ಬ ಏಸಿ ಮೆಕ್ಯಾನಿಕ್ಕಿನ ಕೈಕೆಳಗೆ ಕಲಿಯುತ್ತಿದ್ದಾನೆ. ಅವರಿಬ್ಬರಿಗೆ ಕೋಣೆ ಹುಡುಕುವ ಕಷ್ಟವೇ ಬರಲಿಲ್ಲ.

ಇದನ್ನು ಓದುವ ನೀವು ವಾಶಿಯಲ್ಲಿರಬಹುದು, ಕಲ್ಯಾಣದಲ್ಲಿರಬಹುದು, ಪುಣೆಯಲ್ಲೋ ದುಬೈಯಲ್ಲೋ ಇರಬಹುದು. ದೇಣಿಗೆ ಕೇಳಲು ನಾನಿದನ್ನು ಬರೆಯುತ್ತಿಲ್ಲ. ನಮ್ಮ ಸಂಘಗಳಲ್ಲಿ ವರ್ಷಕ್ಕೊಂದು ಸಲ ನೋಟ್‌ಬುಕ್ ಹಂಚುತ್ತೇವೆ, ಶಾಲು ಹೊದಿಸುತ್ತೇವೆ, ಒಳ್ಳೆಯದೇ. ಅದರ ಜೊತೆಗೆ, ಘಟ್ಟದ ಕಡೆಯಿಂದ ಕೈಕಸುಬು ಕಲಿತು ಹೊಸದಾಗಿ ಬರುವ ಹುಡುಗ-ಹುಡುಗಿಯರಿಗೆ ಮೊದಲ ಮೂರು ತಿಂಗಳು ಒಂದು ಕೋಣೆ, ಒಬ್ಬ ಜಾಮೀನುದಾರ, ಒಂದು ಫೋನ್ ನಂಬರು ಇಟ್ಟುಕೊಳ್ಳೋಣ. ಸಿದ್ದಿಗಳೇ ಆಗಬೇಕೆಂದಿಲ್ಲ, ಗೌಳಿಗಳಿದ್ದಾರೆ, ಕುಣಬಿಗಳಿದ್ದಾರೆ, ಹಾಲಕ್ಕಿಗಳಿದ್ದಾರೆ. ಮತ್ತೆ, ಒಂದು ವರ್ಷ ಮಾಡಿ ಬಿಡುವುದಾದರೆ ಶುರು ಮಾಡುವುದೇ ಬೇಡ. ಅರ್ಧಕ್ಕೆ ಬಿಡುವವರನ್ನು ಆ ಜನ ಬೇಕಾದಷ್ಟು ನೋಡಿದ್ದಾರೆ.

ಹುಡುಗ ಈಗ ಸೂಪರ್‌ವೈಸರ್ ಪರವಾನಗಿಯ ಪರೀಕ್ಷೆಗೆ ಕೂರಬೇಕೆಂದಿದ್ದಾನೆ. ಅದು ಸಿಕ್ಕರೆ ಕಂತ್ರಾಟುದಾರನ ಕೈಕೆಳಗೆ ದಿನಗೂಲಿ ತಪ್ಪುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿದೆ. ಕೆಲಸ ಅವನಿಗೆ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು, ಪುಸ್ತಕದ ಭಾಷೆ ಮಾತ್ರ ತೊಡಕು. ಹಾಗಾಗಿ ಪ್ರತಿ ಭಾನುವಾರ ಸಂಜೆ ಆರಕ್ಕೆ ಮೂವರೂ ನಮ್ಮ ಮನೆಗೆ ಬರುತ್ತಾರೆ. ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ, ಅವನು ಅದನ್ನು ಇನ್ನಿಬ್ಬರಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳುತ್ತಾನೆ, ನನ್ನ ಹೆಂಡತಿ ನಡುವೆ ಅವಲಕ್ಕಿ ತಂದಿಡುತ್ತಾಳೆ. ಹೋದ ವಾರ ‘ಅರ್ಥಿಂಗ್’ ಪಾಠ ಮುಗಿಯಿತು. ಈ ವಾರ ‘ಟ್ರಾನ್ಸ್‌ಫಾರ್ಮರ್’. ನನಗೆ ಅದರ ಗಂಧಗಾಳಿ ಇಲ್ಲ, ಶನಿವಾರ ರಾತ್ರಿ ನಾನೂ ಓದಿಕೊಳ್ಳಬೇಕು.